ಅಷ್ಟೂರಿನ ಏರಿಗೆ ಸೈಕಲ್, ಮಂಡಿಗೆ ಪುರುಸೊತ್ತು

ಪ್ರಶ್ನೆ: ನನಗೆ 46 ವರ್ಷ. ಮನೆ ಅಷ್ಟೂರಿನಲ್ಲಿ, ಕೆಲಸ ಬೀದರ್‌ನ ಸರ್ಕಾರಿ ಕಚೇರಿಯಲ್ಲಿ. ಓಡಿಸುವುದು ಗೇರ್ ಇಲ್ಲದ ಸಾದಾ ಸೈಕಲ್. ದೀಪಾವಳಿ ಆದಮೇಲೆ ಚಳಿಗೆ ಹೆದರಿ ಅದನ್ನು ಮೂಲೆಗೆ ಹಾಕುತ್ತೇನೆ, ಯುಗಾದಿಗೆ ಮತ್ತೆ ಹೊರಗೆ ತೆಗೆಯುತ್ತೇನೆ. ಮೊದಲ ವಾರ ಬೀದರ್‌ಗೆ ಹೋಗುವಾಗ ಚೌಖಂಡಿ ಗೋರಿ ಕಡೆಯ ಏರಿನಲ್ಲಿ ಏದುಸಿರು. ಎರಡನೇ ವಾರ ಸಲೀಸು. ಮೂರನೇ ವಾರ ಮಂಡಿ ನೋವು, ಅಲ್ಲಿಗೆ ಬಂದ್. ಪ್ರತಿ ವರ್ಷ ಇದೇ ಕತೆ. ಗೇರ್ ಸೈಕಲ್ ಕೊಳ್ಳಲೇ?
ಓದುಗರು, ಬೀದರ್ ಜಿಲ್ಲೆ

ಉತ್ತರ: ಗೇರ್ ಮಾತು ಆಮೇಲೆ. ಎರಡನೇ ವಾರ ಸಲೀಸು, ಮೂರನೇ ವಾರ ನೋವು ಅಂದಿರಿ ಅಲ್ವಾ, ಗುಟ್ಟು ಅಲ್ಲೇ ಇದೆ. ಬಿಟ್ಟ ಸೈಕಲ್ ಮತ್ತೆ ಹತ್ತಿದಾಗ ಉಸಿರು ಬೇಗ ಸುಧಾರಿಸುತ್ತದೆ, ಎರಡು ವಾರದಲ್ಲೇ ಫರಕು ಗೊತ್ತಾಗುತ್ತದೆ. ಮಾಂಸಖಂಡವನ್ನು ಮೂಳೆಗೆ ಕಟ್ಟುವ ಟೆಂಡನ್‌ಗಳಿಗೆ ಅಷ್ಟು ಅವಸರ ಇಲ್ಲ. ಅವಕ್ಕೆ ರಕ್ತ ಹರಿಯುವುದೇ ಕಮ್ಮಿ, ಗಟ್ಟಿಯಾಗಲು ಜಾಸ್ತಿ ವಾರ ಬೇಕು. ಉಸಿರು ಸಿಕ್ಕಿತು ಅಂತ ನೀವು ಜೋರಾಗಿ ತುಳಿಯುತ್ತೀರಿ, ಪೆಟ್ಟು ತಿನ್ನುವುದು ಮಂಡಿ. ಒಂದು ವರ್ಷ ನಾನೂ ಹೀಗೆ ಮಾಡಿಕೊಂಡು, ತಿಂಗಳುಗಟ್ಟಲೆ ಕಂಬಿ ಹಿಡಿದು ಮೆಟ್ಟಿಲು ಇಳಿದಿದ್ದೇನೆ.

ಹಾಗಾಗಿ ಯುಗಾದಿ ತನಕ ಕಾಯಬೇಡಿ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ, ಅವತ್ತೇ ಶುರು ಮಾಡಿ. ಅಲ್ಲಿಂದ ಹೋಳಿಗೆ ಸುಮಾರು ಹದಿನೈದು ದಿನ. ಅಷ್ಟೂ ದಿನ ದಿನ ಬಿಟ್ಟು ದಿನ ಓಡಿಸಿ, ಕಡಿದಾದ ಕಡೆ ಇಳಿದು ತಳ್ಳಿ. ಸಲೀಸು ಅನ್ನಿಸಿದರೂ ತಳ್ಳಿ! ಹೋಳಿ ಆದಮೇಲೆ ಏರಿನ ಅರ್ಧ, ಆಮೇಲೆ ಮುಕ್ಕಾಲು. ನಿಮ್ಮೂರಿನ ಜಾತ್ರೆ ಹೊತ್ತಿಗೆ ಇಳಿಯದೆ ಹತ್ತಿದರೆ ಸಾಕು. ಬಿಸಿಲಿಗೆ ಮೈ ಒಗ್ಗಲೂ ಹತ್ತು ಹದಿನಾಲ್ಕು ದಿನ ಬೇಕು, ಅದೂ ಇದರಲ್ಲೇ ಆಗಿಹೋಗುತ್ತದೆ.

ಈಗ ಸೈಕಲ್. ಹಿಂದಿನ ಫ್ರೀವೀಲ್‌ನ, ಅಂದರೆ ಹಿಂದಿನ ಗಾಲಿಯಲ್ಲಿ ಚೈನು ಕೂರುವ ಹಲ್ಲುಚಕ್ರದ, ಹಲ್ಲು ಎಣಿಸಿ. ಸಾದಾ ಸೈಕಲ್‌ನಲ್ಲಿ ಸಾಮಾನ್ಯವಾಗಿ 18 ಇರುತ್ತದೆ. ಅದನ್ನು ತೆಗೆಸಿ 22 ಹಲ್ಲಿನದು ಹಾಕಿಸಿದರೆ ಏರಿನಲ್ಲಿ ಕಾಲು ಒತ್ತಬೇಕಾದ ಬಲ ಹೆಚ್ಚೂ ಕಮ್ಮಿ ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗಬಹುದು. ಸಪಾಟು ರಸ್ತೆಯಲ್ಲಿ ವೇಗ ಸ್ವಲ್ಪ ಕಮ್ಮಿಯಾಗುತ್ತದೆ, ಆಗಲಿ ಬಿಡಿ. ಹೊಸ ಸೈಕಲ್‌ನ ಖರ್ಚಿನ ಮುಂದೆ ಇದು ಏನೂ ಅಲ್ಲ.

ಸೀಟು ನೋಡಿಕೊಂಡಿದ್ದೀರಾ? ನಮ್ಮ ಕಡೆ ಕಾಲು ನೆಲಕ್ಕೆ ಪೂರ್ತಿ ಊರುವಷ್ಟು ಕೆಳಗೆ ಇಡುವುದು ರೂಢಿ. ಮಂಡಿಯ ಮುಂಭಾಗದ ನೋವಿಗೆ ಎಷ್ಟೋ ಸಲ ಅದೇ ಕಾರಣ. ಪೆಡಲ್ ತೀರಾ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಡಿ, ಕಾಲು ನೆಟ್ಟಗಾಗಬೇಕು. ತುಳಿಯುವುದು ಮಾತ್ರ ಪಾದದ ಮುಂಭಾಗದಿಂದ, ಆಗ ಮಂಡಿ ಬೇಕಾದಷ್ಟೇ ಬಾಗುತ್ತದೆ. ಮೂಲೆಯಲ್ಲಿ ನಿಂತ ಸೈಕಲ್‌ನ ಹವಾ ಇಳಿದಿರುತ್ತದೆ, ಎಷ್ಟು ತುಂಬಬೇಕು ಅಂತ ಟೈರಿನ ಬದಿಯಲ್ಲೇ ಬರೆದಿರುತ್ತದೆ. ಬ್ರೇಕಿನ ರಬ್ಬರ್ ಒಣಗಿ ಗಟ್ಟಿಯಾಗಿದ್ದರೆ ಬದಲಿಸಿ, ಬರುವಾಗ ಪೂರ್ತಿ ಇಳಿಜಾರು.

ಅಂದಹಾಗೆ, ಏಪ್ರಿಲ್, ಮೇನಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯ ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ನಿಮ್ಮ ಅದೃಷ್ಟ ನೋಡಿ, ಏರು ಬೆಳಗಿನ ತಂಪಿನಲ್ಲಿ, ಇಳಿಜಾರು ಸುಡು ಬಿಸಿಲಿನಲ್ಲಿ. ನಗರದಲ್ಲಿದ್ದು ಅಷ್ಟೂರಿಗೆ ಕೆಲಸಕ್ಕೆ ಬರುವವರಿಗೆ ಈ ಸುಖ ಇಲ್ಲ. ಆದರೂ ಹೊರಡುವ ಮುಂಚೆ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ, ತಲೆಗೆ ಒದ್ದೆ ರುಮಾಲು ಕಟ್ಟಿಕೊಳ್ಳಿ. ಏರಿನಲ್ಲಿ ಎದೆ ಬಿಗಿದರೆ, ತಲೆ ಸುತ್ತಿದರೆ ಸೈಕಲ್ ಅಲ್ಲೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಆ ವಿಷಯದಲ್ಲಿ ಹಟ ಬೇಡ.

ಇನ್ನು ಗೇರ್ ಸೈಕಲ್. ಫ್ರೀವೀಲ್ ಬದಲಿಸಿ ಜಾತ್ರೆ ತನಕ ನೋಡಿ. ಆಮೇಲೂ ಬೇಕು ಅನ್ನಿಸಿದರೆ ಕೊಳ್ಳಿ. ಅಂಗಡಿಯವರು 21 ಗೇರು ಅಂದ ಕೂಡಲೇ ಮರುಳಾಗಬೇಡಿ, ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ 28 ಹಲ್ಲಾದರೂ ಇದೆಯಾ ಅಂತ ಎಣಿಸಿ.