ಬಿದಿರಿನ ಬಿಲ್ಲಾದರೆ ಬೇಟೆ ಸರಿಯೇ?

ಸುರಪುರ ತಾಲ್ಲೂಕಿನ ಹಿರಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ನಮ್ಮ ತಾತ ಬಿದಿರಿನ ಬಿಲ್ಲು ಹಿಡಿದು ಬೇಟೆಗೆ ಹೋಗುತ್ತಿದ್ದರು. ಅದರಲ್ಲಿ ತೋಳಿನ ಬಲ ಬೇಕಿತ್ತು, ಪ್ರಾಣಿಗೂ ತಪ್ಪಿಸಿಕೊಳ್ಳಲು ದಾರಿ ಇತ್ತು. ಈಗಿನ ಹುಡುಗರು ಚಕ್ರ ಇರುವ ಕಾಂಪೌಂಡ್ ಬಿಲ್ಲನ್ನು ಫೋನಿನಲ್ಲೇ ತರಿಸುತ್ತಾರೆ. ಸರ್ಕಾರ ಇಂಥ ಬಿಲ್ಲು ನಿಲ್ಲಿಸಲಿ. ಯುಗಾದಿ ಹೊತ್ತಿಗೆ ಹಳೇ ಬಿಲ್ಲಿನವರಿಗೆ ಒಂದೆರಡು ದಿನ ಬೇಟೆಗೆ ಬಿಡಲಿ. ತೊಗರಿ ಹೊಲಕ್ಕೆ ನುಗ್ಗುವ ಹಂದಿಯಾದರೂ ಕಡಿಮೆಯಾಗುತ್ತದೆ. ಕೊನೆಯದಾಗಿ, ನನ್ನ ಮೊಮ್ಮಗ ಕಾಂಪೌಂಡ್ ಬಿಲ್ಲು ಬೇಕೆಂದು ಹಟ ಹಿಡಿದಿದ್ದಾನೆ. ಕೊಡಿಸಲೋ ಬೇಡವೋ?"

ಹಿರಿಯರೇ, ಶರಣು.

ಬಿಲ್ಲಿನ ಮೇಲಿನ ನಿಮ್ಮ ಅಭಿಮಾನ ನನಗೆ ಅರ್ಥವಾಗುತ್ತದೆ. 1858ರಲ್ಲಿ ಬ್ರಿಟಿಷರಿಗೆ ಎದುರು ನಿಂತ ರಾಜಾ ವೆಂಕಟಪ್ಪ ನಾಯಕರ ಊರು ನಿಮ್ಮದು. ಬೇಡ ನಾಯಕರ ಮನೆತನಗಳಲ್ಲಿ ಬಿಲ್ಲು ಗೋಡೆಗೆ ತೂಗುಹಾಕುವ ಅಲಂಕಾರದ ವಸ್ತು ಆಗಿರಲಿಲ್ಲ. ಹಾಗಿದ್ದರೂ ನಿಮ್ಮ ಮುಖ್ಯ ಮಾತನ್ನು ನಾನು ಒಪ್ಪಲಾರೆ. ಬಿಲ್ಲು ಹಳೆಯದು ಅಂದ ಮಾತ್ರಕ್ಕೆ ಬೇಟೆ ಸೌಮ್ಯವಾಗುವುದಿಲ್ಲ.

ಮೊದಲು ಎರಡು ಬಿಲ್ಲುಗಳ ವ್ಯತ್ಯಾಸ ನೋಡೋಣ. ಬಿದಿರಿನ ಬಿಲ್ಲನ್ನು ಎಳೆದಷ್ಟೂ ಭಾರ ಏರುತ್ತದೆ. ಹೆದೆ ಗಲ್ಲಕ್ಕೆ ಬಂದಾಗ ಪೂರ್ತಿ ಭಾರ ಬೆರಳಿನ ಮೇಲೆ, ಭುಜದ ಮೇಲೆ. ಗುರಿ ನೋಡುತ್ತಾ ನಿಂತರೆ ಕೈ ನಡುಗುತ್ತದೆ, ಹಾಗಾಗಿ ಎರಡು ಮೂರು ಸೆಕೆಂಡಿನಲ್ಲಿ ಬಿಟ್ಟುಬಿಡಬೇಕು. ಕಾಂಪೌಂಡ್ ಬಿಲ್ಲನ್ನು ರೂಪಿಸಿದವರು ಅಮೆರಿಕದ ಮಿಸ್ಸೌರಿಯ ಹಾಲೆಸ್ ವಿಲ್ಬರ್ ಅಲೆನ್. ಅದಕ್ಕೆ 1969ರಲ್ಲಿ ಪೇಟೆಂಟ್ ಸಿಕ್ಕಿತು. ಅದರ ಎರಡೂ ತುದಿಯಲ್ಲಿ ಚಕ್ರಗಳಿವೆ. ಶುರುವಿನಲ್ಲಿ ಎಳೆಯುವುದು ಕಷ್ಟ. ಅರ್ಧ ದಾಟಿದ ಮೇಲೆ ಚಕ್ರ ತಿರುಗಿ ಭಾರ ತಟ್ಟನೆ ಇಳಿಯುತ್ತದೆ. ಇದಕ್ಕೆ ಲೆಟ್-ಆಫ್ ಅನ್ನುತ್ತಾರೆ. ಎಳೆತದ ಭಾರ 60 ಪೌಂಡು ಇರುವ ಬಿಲ್ಲಿಗೆ 80 ಶೇಕಡಾ ಲೆಟ್-ಆಫ್ ಇದ್ದರೆ ಕೊನೆಗೆ ಹಿಡಿದು ನಿಲ್ಲಬೇಕಾದ ಭಾರ ಬರೀ 12 ಪೌಂಡು, ಅಂದರೆ ಸುಮಾರು ಐದೂವರೆ ಕಿಲೋ. ಆರಾಮಾಗಿ ನಿಂತು ಗುರಿ ನೋಡಬಹುದು.

ಇದನ್ನು ನೋಡಿಯೇ ನಿಮಗೆ ಅನ್ಯಾಯ ಅನ್ನಿಸಿದೆ. ಬೇಟೆಗೆ ಅನುಮತಿ ಇರುವ ಅಮೆರಿಕದಲ್ಲೂ ಈ ಜಗಳ ಹಳೆಯದು. ವಿಸ್ಕಾನ್ಸಿನ್ ರಾಜ್ಯ 1934ರಲ್ಲೇ ಬಿಲ್ಲಿನವರಿಗೆಂದು ಬೇರೆ ಬೇಟೆಯ ದಿನಗಳನ್ನು ಕೊಟ್ಟಿತು. ಬಂದೂಕಿನವರಿಗಿಂತ ಬಿಲ್ಲಿನವರಿಗೆ ಅಲ್ಲಿ ಜಾಸ್ತಿ ದಿನ ಸಿಗುತ್ತದೆ. ಬಿಲ್ಲಿನಿಂದ ಪ್ರಾಣಿ ಸಿಗುವುದು ಕಡಿಮೆ, ಅದಕ್ಕೇ ಅಷ್ಟು ದಿನ ಬಿಟ್ಟರೂ ಹಿಂಡಿಗೆ ಧಕ್ಕೆಯಿಲ್ಲ ಅನ್ನುವುದು ಇದರ ಹಿಂದಿನ ಲೆಕ್ಕ. ಬಿಲ್ಲು ಸುಲಭವಾಗುತ್ತಾ ಹೋದ ಹಾಗೆ ಆ ಲೆಕ್ಕವೇ ಸಡಿಲವಾಗುತ್ತದೆ. ಆದ್ದರಿಂದಲೇ ಅಲ್ಲಿನ ನಿಯಮಗಳು ಒಂದೊಂದು ರಾಜ್ಯಕ್ಕೆ ಒಂದೊಂದು ತರಹ. ಒಂದು ಕಡೆ ಬಿಲ್ಲಿಗೆ ಎಲೆಕ್ಟ್ರಾನಿಕ್ ಸಾಧನ ಕಟ್ಟುವ ಹಾಗಿಲ್ಲ, ಇನ್ನೊಂದು ಕಡೆ ಬಿಲ್ಲಿಗೆ ಕನಿಷ್ಠ ಎಳೆತದ ಭಾರ ಇರಲೇಬೇಕು. ಬಂದೂಕಿನ ಹಾಗೆ ಕುದುರೆ ಒತ್ತಿ ಬಾಣ ಬಿಡುವ ಕ್ರಾಸ್‌ಬೋ ಬಗ್ಗೆಯಂತೂ ವಾದ ಮುಗಿದೇ ಇಲ್ಲ. ಬ್ರಿಟನ್ನಿನ ದಾರಿ ಬೇರೆ. ಅಲ್ಲಿ 1981ರ ಕಾಯ್ದೆ ಕಾಡುಪ್ರಾಣಿಗಳ ಮೇಲೆ ಬಿಲ್ಲನ್ನೂ ಕ್ರಾಸ್‌ಬೋವನ್ನೂ ಒಟ್ಟಿಗೇ ನಿಷೇಧಿಸಿತು. ಹಳೆಯದು, ಹೊಸದು ಎಂಬ ಭೇದವಿಲ್ಲ.

ಇನ್ನು ಪ್ರಾಣಿಯ ಕಡೆಯಿಂದ ನೋಡಿ. ನಾನು ಒತ್ತಿ ಹೇಳಬೇಕಾದ್ದು ಇದನ್ನೇ. ಗುಂಡು ಹೊಡೆತದ ರಭಸದಲ್ಲೇ ಕೆಡವಬಹುದು. ಬಾಣ ಹಾಗಲ್ಲ, ಅದರ ಅಲಗು ಕೊಯ್ದು ರಕ್ತ ಹರಿದು ಪ್ರಾಣಿ ಸಾಯಬೇಕು. ಶ್ವಾಸಕೋಶಕ್ಕೆ ಸರಿಯಾಗಿ ತಾಗಿದರೂ ಅದು ಓಡುತ್ತದೆ. ಹೊಟ್ಟೆಗೆ ತಾಗಿದರೆ ಗಂಟೆಗಟ್ಟಲೆ ನರಳುತ್ತದೆ. ಬಿದಿರಿನ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 170 ಅಡಿ ಹೋಗುತ್ತದೆ ಅಂದುಕೊಳ್ಳಿ. 20 ಮೀಟರ್ ದೂರದ ಪ್ರಾಣಿಯನ್ನು ಮುಟ್ಟಲು ಅದಕ್ಕೆ ಬೇಕಾದ್ದು ಅರ್ಧ ಸೆಕೆಂಡಿಗೆ ಸ್ವಲ್ಪ ಕಡಿಮೆ. ಕಾಂಪೌಂಡ್ ಬಾಣದ ವೇಗ ಸುಮಾರು 300 ಅಡಿ. ಆದರೆ ಅದು ಕೈಯಲ್ಲಿದ್ದವನು 20 ಮೀಟರಿಗೆ ನಿಲ್ಲುತ್ತಾನೆಯೇ? 40 ಮೀಟರಿನಿಂದಲೇ ಬಿಡುತ್ತಾನೆ. ಬಾಣಕ್ಕೆ ಮತ್ತೆ ಅಷ್ಟೇ ಹೊತ್ತು ಬೇಕು. ಹೆದೆಯ ಸದ್ದು ಅದಕ್ಕಿಂತ ಮೊದಲೇ ಕಿವಿ ಮುಟ್ಟಿರುತ್ತದೆ. ಪ್ರಾಣಿ ಬೆಚ್ಚಿ ಕುಗ್ಗಿದರೆ, ತಿರುಗಿದರೆ, ಎದೆಗೆ ಇಟ್ಟ ಗುರಿ ಬೆನ್ನಿಗೋ ಹೊಟ್ಟೆಗೋ ಬೀಳುತ್ತದೆ. ಹಳೇ ಬಿಲ್ಲಿನಲ್ಲಿ ಗುರಿ ತಪ್ಪುವುದು ಕೈ ನಡುಗಿ, ಹೊಸದರಲ್ಲಿ ಆಸೆ ಜಾಸ್ತಿಯಾಗಿ. ನೋವು ತಿನ್ನುವುದು ಮಾತ್ರ ಎರಡರಲ್ಲೂ ಪ್ರಾಣಿಯೇ ಅಲ್ವಾ? ಬಾಣ ನೆಟ್ಟ ಹಂದಿಯೊಂದು ಎದೆಯೆತ್ತರದ ತೊಗರಿಯೊಳಗೆ ನುಗ್ಗಿ ಮಲಗಿದರೆ, ಮರುದಿನ ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳ ಗತಿ ಏನು, ಅದನ್ನೂ ಯೋಚಿಸಿ.

ಕಾನೂನು ಸ್ಪಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಆಯುಧ' ಎಂದು ಪಟ್ಟಿ ಮಾಡುವಾಗ ಬಂದೂಕು, ಬಲೆ, ಉರುಲು, ವಿಷದ ಜೊತೆಗೇ ಬಿಲ್ಲು ಬಾಣವನ್ನೂ ಹೆಸರಿಸಿದೆ. ಬಿದಿರಿನದೋ ಅಲ್ಯೂಮಿನಿಯಮ್ಮಿನದೋ ಎಂದು ಅದು ಕೇಳುವುದಿಲ್ಲ. ಬೇಟೆಯ ಪ್ರಯತ್ನವೂ ಬೇಟೆಯೇ. ನಮ್ಮ ಬೀದರ್ ಕಡೆ ಹೊಲಗಳಲ್ಲಿ ಕಾಣುವ ಚಿಗರಿ, ಅಂದರೆ ಕೃಷ್ಣಮೃಗ, ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿದೆ. ಅದನ್ನು ಕೊಂದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಯುಗಾದಿಗೆ ಹೊಡೆಯುವ ಮೊಲಕ್ಕೂ ರಕ್ಷಣೆ ಇದೆ. ಚಿಂಚೋಳಿ ವನ್ಯಜೀವಿಧಾಮದೊಳಕ್ಕೆ ಅನುಮತಿಯಿಲ್ಲದೆ ಬಿಲ್ಲು ಹಿಡಿದು ಕಾಲಿಟ್ಟರೆ ಅಷ್ಟೇ ಸಾಕು, ಬಾಣ ಬಿಡದಿದ್ದರೂ ಅಪರಾಧ.

ಹಂದಿಯ ಕಾಟ ನಿಜ. ರಾತ್ರಿ ಇಡೀ ಹೊಲ ಕಾಯುವ ರೈತನಿಗೆ ಸುಮ್ನೆ ಕಾಯ್ದೆ ಓದಿ ಹೇಳಿದರೆ ಹೊಟ್ಟೆ ತುಂಬುವುದಿಲ್ಲ. ಅದಕ್ಕೆ ಕಾಯ್ದೆಯಲ್ಲೇ ಒಂದು ದಾರಿ ಇದೆ. ನಿಂತ ಬೆಳೆ ಹಾಳುಮಾಡುವ ಹಂದಿಯ ವಿಷಯದಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರು, ಇಲ್ಲವೇ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು ಆದೇಶ ಕೊಡಬಹುದು. ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರವೂ ಇದೆ. ಹಂದಿ ಬಂದ ಮರುದಿನವೇ ಫೋಟೊ ತೆಗೆದು, ಪಹಣಿ ಜೊತೆಗಿಟ್ಟು ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ. ಪರಿಹಾರ ತಡವಾಗುತ್ತದೆ, ಸಾಲುವುದಿಲ್ಲ ಎನ್ನುವ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟಿನ ಪತ್ರ ಬರೆದರೆ ಖಂಡಿತ ಅಚ್ಚು ಹಾಕುತ್ತೇನೆ. ಯುಗಾದಿ ಬೇಟೆಗೆ ಅನುಮತಿ ಕೇಳುವ ಪತ್ರವನ್ನು ಬೆಂಬಲಿಸಲಾರೆ.

ಈಗ ಮೊಮ್ಮಗನ ವಿಷಯ. ಅವನ ಹಟ ಒಳ್ಳೆಯ ಹಟ. ರಾಜಸ್ಥಾನದ ಬುಡಕಟ್ಟಿನ ಮನೆಯಿಂದ ಬಂದ ಲಿಂಬಾ ರಾಮ್ ಬಿದಿರಿನ ಬಿಲ್ಲು ಹಿಡಿದು ಬೆಳೆದು ಒಲಿಂಪಿಕ್ಸ್‌ಗೆ ಹೋದರು. ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಿದಿರಿನ ಬಿಲ್ಲಿಗೆಂದೇ ಇಂಡಿಯನ್ ರೌಂಡ್ ಇದೆ, 50 ಮತ್ತು 30 ಮೀಟರಿಗೆ. ಕಾಂಪೌಂಡಿನಲ್ಲೂ ನಮ್ಮವರು ಹಿಂದೆ ಬಿದ್ದಿಲ್ಲ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡಿನ ಐದೂ ಚಿನ್ನ ಭಾರತಕ್ಕೆ ಬಂದವು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆಯೂ ಇದೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿಯ ತಾಲ್ಲೂಕು ಕ್ರೀಡಾಂಗಣಗಳಲ್ಲಿ ಒಂದೊಂದು ಮೂಲೆಯನ್ನಾದರೂ ಬಿಲ್ಲಿಗೆ ಬಿಡಿ ಎಂದು ನೀವು ಕೇಳಿದ್ದರೆ ನಾನೇ ಮೊದಲು ಸಹಿ ಹಾಕುತ್ತಿದ್ದೆ.

ಮೊದಲು ಬಿದಿರಿನ ಬಿಲ್ಲಿನಲ್ಲೇ ಕಲಿಯಲಿ. ತಾತನ ಕೈಗುಣ ನೋಡಿದ ನೀವು ಪಕ್ಕದಲ್ಲಿ ನಿಂತರೆ ಇನ್ನೂ ಚೆಂದ. ಎಳೆತ ತೋಳಿಗೆ ತಕ್ಕಷ್ಟೇ ಇರಲಿ, ಬಾಣ ಅವನು ಹೆದೆ ಎಳೆಯುವ ಅಳತೆಗಿಂತ ಗಿಡ್ಡ ಆಗದಿರಲಿ. ಗುರಿಯ ಹಿಂದೆ ಎತ್ತರದ ಮಣ್ಣಿನ ಬದು ಇರಬೇಕು, ಆ ಕಡೆ ದಾರಿ ಇರಬಾರದು. ಕಾಂಪೌಂಡಿಗೆ ಹೋದ ಮೇಲೆ ಬಾಣ ಹೂಡದೆ ಹೆದೆ ಎಳೆದು ಬಿಡಲು ಬಿಡಬೇಡಿ. ಬಿಲ್ಲೇ ಮುರಿದು ಮುಖಕ್ಕೆ ಹಾರಬಹುದು. ಅಭ್ಯಾಸದ ದುಂಡು ಮೊನೆಯ ಬಾಣ ಕೊಡಿಸಿ, ಬೇಟೆಯ ಅಲಗಿನ ಮೊನೆ ಬೇಡ.