ವಿದೇಶದ ಮಿಷನರಿ ತರಬೇತಿ ಶಾಲೆಗೆ ಹೊಂದಿಕೊಳ್ಳಲು ಆಗುತ್ತಿಲ್ಲ, ವಾಪಸ್ ಬಂದುಬಿಡಲೇ?

ಕಲಬುರಗಿಯಿಂದ ಹೋಗಿ ಡಿಟಿಎಸ್ (ಡಿಸೈಪಲ್‌ಶಿಪ್ ಟ್ರೇನಿಂಗ್ ಸ್ಕೂಲ್) ಎಂಬ ಮಿಷನರಿ ತರಬೇತಿ ಸೇರಿದ್ದೀರಿ. ಇಂಗ್ಲಿಷ್ ಅರ್ಥವಾಗುತ್ತಿಲ್ಲ, ಊಟ ಸೇರುತ್ತಿಲ್ಲ, ಜೋರಾಗಿ ಪ್ರಾರ್ಥನೆ ಮಾಡುವವರ ನಡುವೆ ಒಂಟಿ ಅನ್ನಿಸುತ್ತಿದೆ ಎಂದು ಬರೆದಿದ್ದೀರಿ. ಆಮೇಲೆ ಕೊನೆಯಲ್ಲಿ, ಪಾಠ ಮುಗಿದ ಮೇಲೆ ತಂಡವಾಗಿ ಹೊರಗೆ ಸೇವೆಗೆ ಹೋಗುವ ಔಟ್‌ರೀಚ್ ಬಗ್ಗೆ ಒಂದು ಸಾಲು: 'ಔಟ್‌ರೀಚ್ ಹಣ ಇನ್ನೂ ಕಟ್ಟಿಲ್ಲ, ಯಾರಿಗೂ ಹೇಳಿಲ್ಲ, ದೇವರು ಒದಗಿಸುತ್ತಾರೆ.' ನಾನು ಆ ಸಾಲಿನ ಬಗ್ಗೆಯೇ ಬರೆಯುತ್ತೇನೆ. ಉಳಿದದ್ದು ತಾನಾಗಿ ಸರಿಹೋಗುತ್ತದೆ. ಇದು ತಾನಾಗಿ ಸರಿಹೋಗುವುದಿಲ್ಲ.

ನಾನು ಬೀದರ್ ಕಡೆಯವನು. ಮೆಥೋಡಿಸ್ಟ್ ಕ್ರೈಸ್ತರ ಮನೆ, ನವೆಂಬರ್ ಬಂದರೆ ತೆಲಂಗಾಣದ ಧಾರೂರ್ ಕ್ರೈಸ್ತ ಜಾತ್ರೆಗೆ ಹೋಗುವ ಕುಟುಂಬ. ನಾನು ಹೋದದ್ದು ಥಾಯ್ಲೆಂಡಿನ ಚಿಯಾಂಗ್ ಮೈಯಲ್ಲಿದ್ದ ಒಂದು ಶಾಲೆಗೆ. ಡಿಟಿಎಸ್ ಅನ್ನೋದು 1960ರಲ್ಲಿ ಲೋರೆನ್ ಕನ್ನಿಂಗ್‌ಹ್ಯಾಮ್ ಶುರುಮಾಡಿದ ವೈವ್ಯಾಮ್ (ಯೂತ್ ವಿತ್ ಎ ಮಿಷನ್) ಎಂಬ ಮಿಷನರಿ ಸಂಸ್ಥೆಯವರದು. ನನ್ನದು ಬೇರೆ ಸಂಸ್ಥೆ, ಆದರೆ ಕ್ರಮ ಹೆಚ್ಚುಕಡಿಮೆ ಅದೇ. ಮೊದಲು ಸುಮಾರು ಮೂರು ತಿಂಗಳು ಪಾಠ, ಆಮೇಲೆ ತಂಡ ಕಟ್ಟಿಕೊಂಡು ಬೇರೆ ಊರಿಗೋ ದೇಶಕ್ಕೋ ಔಟ್‌ರೀಚ್. ಇದರಲ್ಲಿ ಗಮನಿಸಬೇಕಾದ ಮಾತಿದೆ. ಪಾಠದ ಫೀ ಬೇರೆ, ಔಟ್‌ರೀಚ್ ಹಣ ಬೇರೆ. ಎರಡನೆಯದನ್ನು ಪಾಠ ನಡೆಯುತ್ತಿರುವಾಗಲೇ ಕಟ್ಟಬೇಕು. ಟಿಕೆಟ್ ಮುಂಚೆಯೇ ಬುಕ್ ಆಗಬೇಕಲ್ವಾ?

ನಮ್ಮ ಸಭೆಯವರು, ಅಂದರೆ ಚರ್ಚಿನವರು, ಕೂಡಿಸಿಕೊಟ್ಟ ಕಾಣಿಕೆ ಪಾಠದ ಫೀಗೆ ಮತ್ತು ಹೋಗುವ ಖರ್ಚಿಗೆ ಆಯಿತು. ಔಟ್‌ರೀಚ್ ಹಣಕ್ಕೆ ಅಪ್ಪ, "ತೊಗರಿ ರಾಶಿ ಆಗಲಿ, ಕಳಿಸ್ತೀನಿ" ಅಂದಿದ್ದರು. ತೊಗರಿ ರಾಶಿ ನಮ್ಮ ಕಡೆ ಯಾವಾಗ ಆಗುತ್ತದೆ ಅಂತ ನಿಮಗೆ ಗೊತ್ತು. ಡಿಸೆಂಬರ್ ದಾಟಿ ಜನವರಿ. ಅಡತಿಯವನು ದುಡ್ಡು ಕೊಡೋದು ಇನ್ನೂ ಮುಂದೆ. ಶಾಲೆಯವರು ಹಣ ಕೇಳಿದ್ದು ನವೆಂಬರ್ ಕೊನೆಯೊಳಗೆ. ಈ ಎರಡು ದಿನಾಂಕ ಕೂಡುವುದಿಲ್ಲ ಅಂತ ನನಗೆ ಮೊದಲ ವಾರವೇ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಅನ್ನೋದು ಮುಖ್ಯ. ನೀವೂ ಅಲ್ಲೇ ಇದ್ದೀರಿ ಅಂತ ನನಗೆ ಅನ್ನಿಸುತ್ತಿದೆ. ಬೆಳಗಿನ ಪ್ರಾರ್ಥನಾ ಕೂಟದಲ್ಲಿ ಒಬ್ಬೊಬ್ಬರೇ ಎದ್ದು, ದೇವರು ತಮಗೆ ಮಾಡಿದ್ದನ್ನು ಸಾಕ್ಷಿ ಹೇಳುತ್ತಿದ್ದರು. ಒಬ್ಬನಿಗೆ ಗುರುತೇ ಇಲ್ಲದವರಿಂದ ಹಣ ಬಂತು, ಇನ್ನೊಬ್ಬಳಿಗೆ ಬೇಕಾದಷ್ಟೇ ಮೊತ್ತ ಬಂತು. ತರಗತಿಯಲ್ಲಿ ಜಾರ್ಜ್ ಮುಲ್ಲರ್ ಕಥೆ ಹೇಳಿದರು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ದೊಡ್ಡ ಅನಾಥಾಲಯಗಳನ್ನು ನಡೆಸಿದವರು, ಮನುಷ್ಯರ ಹತ್ತಿರ ಹಣ ಕೇಳದೆ ದೇವರ ಹತ್ತಿರ ಮಾತ್ರ ಕೇಳುತ್ತಿದ್ದವರು. 1865ರಲ್ಲಿ ಚೀನಾ ಇನ್‌ಲ್ಯಾಂಡ್ ಮಿಷನ್ ಕಟ್ಟಿದ ಹಡ್ಸನ್ ಟೇಲರ್ ಕೂಡ ಅದೇ ದಾರಿ. ಕೇಳಿ ನನ್ನ ಎದೆ ತುಂಬಿತು. ಇನ್ನು ಹೋಗಿ 'ನನ್ನ ಹತ್ತಿರ ಹಣವಿಲ್ಲ' ಅಂದರೆ ನಂಬಿಕೆ ಕಡಿಮೆ ಅಂದುಕೊಳ್ಳುತ್ತಾರೆ ಅನ್ನಿಸಿತು. ಒಂದು ದಿನ ನಾನೂ ಎದ್ದು ನಿಂತು, ನನ್ನ ಹಣ ಬರುತ್ತದೆ ಎಂದು ಸಾಕ್ಷಿ ಹೇಳಿಬಿಟ್ಟೆ. ಆಮೇಲೆ ಬಾಯಿ ಬಿಡೋದು ಇನ್ನೂ ಕಷ್ಟವಾಯಿತು.

ಆದರೆ ಮುಲ್ಲರ್ ಕಥೆಯನ್ನು ನಾನು ಅರ್ಧ ಮಾತ್ರ ಕೇಳಿಸಿಕೊಂಡಿದ್ದೆ. ಆತ ಹಣ ಕೇಳಲಿಲ್ಲ, ನಿಜ. ಲೆಕ್ಕ ಮುಚ್ಚಿಡಲಿಲ್ಲ. ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ವರ್ಷ ವರ್ಷ ವರದಿ ಅಚ್ಚು ಹಾಕಿಸುತ್ತಿದ್ದರು. ಬೈಬಲಿನಲ್ಲಿ ಅಪೊಸ್ತಲ ಪೌಲನೂ ರೋಮಾಪುರದವರಿಗೆ ಬರೆದ ಪತ್ರದ 15ನೇ ಅಧ್ಯಾಯದಲ್ಲಿ, ಸ್ಪೇನ್‌ಗೆ ಹೋಗುವಾಗ ನಿಮ್ಮಿಂದ ಪ್ರಯಾಣಕ್ಕೆ ಸಹಾಯ ಸಿಗುತ್ತದೆ ಎಂದು ನಂಬಿದ್ದೇನೆ ಅಂತ ನೇರವಾಗಿ ಹೇಳುತ್ತಾನೆ. ಕೇಳದೇ ಇರೋದು ಒಂದು, ಇರುವ ಸ್ಥಿತಿಯನ್ನು ಹೇಳದೇ ಇರೋದು ಇನ್ನೊಂದು. ನಾನು ಮಾಡಿದ್ದು ಎರಡನೆಯದು. ಅದಕ್ಕೆ ನಂಬಿಕೆ ಅಂತ ಹೆಸರಿಟ್ಟುಕೊಂಡಿದ್ದೆ.

ಅದರಿಂದ ಕಳೆದುಕೊಂಡದ್ದು ಏನು ಅಂತ ಕೇಳಿ. ನನ್ನನ್ನು ಪೆಸಿಫಿಕ್ ಸಾಗರದ ದ್ವೀಪದೇಶ ಫಿಜಿಗೆ ಹೋಗುವ ತಂಡಕ್ಕೆ ಹಾಕಿದ್ದರು, ಹಿಂದಿ ಬರುತ್ತದೆ ಅಂತ. 1879ರಿಂದ ಬ್ರಿಟಿಷರು ನಮ್ಮ ದೇಶದ ಕೂಲಿಗಳನ್ನು ಕರಾರು ಮಾಡಿಸಿ ಅಲ್ಲಿನ ಕಬ್ಬಿನ ಗದ್ದೆಗಳಿಗೆ ಒಯ್ದರು. ಅವರ ಮೊಮ್ಮಕ್ಕಳು ಮರಿಮಕ್ಕಳು ಇವತ್ತಿಗೂ ತಮ್ಮದೇ ಒಂದು ಹಿಂದಿ ಮಾತಾಡುತ್ತಾರೆ. ಫಿಜಿಯ ಅತಿ ದೊಡ್ಡ ಕ್ರೈಸ್ತ ಸಭೆ ಮೆಥೋಡಿಸ್ಟ್. ನಮ್ಮ ತಂಡದಲ್ಲಿ ಹಿಂದಿ ಬರುತ್ತಿದ್ದದ್ದು ನನಗೊಬ್ಬನಿಗೇ. ತರಗತಿಯಲ್ಲಿ ಇಂಗ್ಲಿಷ್ ಹಿಡಿಯಲಾಗದೆ ಹಿಂದೆ ಕೂರುತ್ತಿದ್ದವನು ಅಲ್ಲಿ ಮುಂದೆ ನಿಂತು ಮಾತಾಡಬಹುದಿತ್ತು. ಟಿಕೆಟ್ ಬುಕ್ ಮಾಡುವ ದಿನ ನನ್ನ ಹೆಸರಿನ ಮುಂದೆ ಹಣ ಇರಲಿಲ್ಲ.

ಆವತ್ತು ಸಂಜೆ ತಂಡದ ಲೀಡರ್ ಹತ್ತಿರ ಎಲ್ಲ ಹೇಳಿದೆ. ಕೊರಿಯಾದ ಅಕ್ಕ ಅವರು. ಬೈಯಲಿಲ್ಲ. "ಅಕ್ಟೋಬರ್‌ನಲ್ಲೇ ಹೇಳಿದ್ದರೆ ಗುಡ್ಡದ ಹಳ್ಳಿಗಳಿಗೆ ಹೋಗುವ ತಂಡಕ್ಕೆ ಹಾಕುತ್ತಿದ್ದೆ. ಅದಕ್ಕೆ ವಿಮಾನವೇ ಬೇಡ" ಅಂದರು. ಅದು ಲಾಹು, ಕರೆನ್ ಬುಡಕಟ್ಟು ಜನರ ಹಳ್ಳಿಗಳಿಗೆ ಹೋಗುವ ತಂಡ. ಪಿಕಪ್ ಗಾಡಿಯಲ್ಲಿ ಹೋಗಿ ಬರುವ ದಾರಿ. ಆ ಹೊತ್ತಿಗೆ ಅದೂ ತುಂಬಿತ್ತು. ಎರಡೂ ತಂಡ ಹೊರಟವು. ಕ್ರಿಸ್‌ಮಸ್‌ಗೆ ನಾನು ಶಾಲೆಯ ಅಡುಗೆಮನೆಯಲ್ಲಿ ಉಳಿದೆ. ಫೆಬ್ರವರಿಯಲ್ಲಿ ಅಪ್ಪನ ಹಣ ಬಂತು, ಹೇಳಿದ ಮಾತಿಗೆ ಸರಿಯಾಗಿ.

ಈಗ ನಿಮ್ಮ ಪ್ರಶ್ನೆ. ಹೊಂದಿಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ. ಹೊಂದಿಕೊಳ್ಳಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಅದು ಇದ್ದು ಬಾಳುವ ಜಾಗವಲ್ಲ. ನಿಮಗೆ ಅಲ್ಲಿನ ಊಟ ರುಚಿಸುವ ಹೊತ್ತಿಗೆ ಅವರೇ ನಿಮ್ಮನ್ನು ಹೊರಗೆ ಕಳಿಸುತ್ತಾರೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ ಒಯ್ದಿದ್ದರೆ ತಿನ್ನಿ, ನಾಚಿಕೆ ಬೇಡ. ಪ್ರಾರ್ಥನೆ ಕನ್ನಡದಲ್ಲೇ ಮಾಡಿ, ಮೆಲ್ಲಗೇ ಮಾಡಿ. ಇಂಗ್ಲಿಷ್, ತರಗತಿಗಿಂತ ಪಾತ್ರೆ ತೊಳೆಯುವ ಕಡೆ ಬೇಗ ಬರುತ್ತದೆ. ಅಲ್ಲಿ ಯಾರೂ ದೊಡ್ಡ ದೊಡ್ಡ ಮಾತಾಡುವುದಿಲ್ಲ. ವಾಪಸ್ ಬರುವ ಮಾತು ಈಗ ಬೇಡವೇ ಬೇಡ.

ನಾಳೆ ಬೆಳಗಿನ ಕೂಟ ಮುಗಿದ ಕೂಡಲೇ ಲೀಡರ್ ಹತ್ತಿರ ಹೋಗಿ. ಮನೆಯಿಂದ ಯಾವ ತಿಂಗಳು ಎಷ್ಟು ಬರಬಹುದು ಅನ್ನೋದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಾಯಲ್ಲಿ ಹೇಳೋಕೆ ಹೋದರೆ ಇಂಗ್ಲಿಷ್ ಕೈಕೊಡುತ್ತದೆ. ಕೊನೆಯ ದಿನಾಂಕ ಕೇಳಿ. ಕಂತಿನಲ್ಲಿ ಕಟ್ಟಬಹುದಾ, ಕಡಿಮೆ ಖರ್ಚಿನ ತಂಡ ಇದೆಯಾ ಅಂತ ಕೇಳಿ. ಹಲವು ಶಾಲೆಗಳಲ್ಲಿ ನಮ್ಮಂಥ ದೇಶದವರಿಗೆ ಫೀ ಕಡಿಮೆ ಇರುತ್ತದೆ, ಅದನ್ನೂ ಕೇಳಿ. ಅಲ್ಲಿನ ಸಿಬ್ಬಂದಿಗೂ ಬಹುತೇಕ ಸಂಬಳ ಇರುವುದಿಲ್ಲ. ಅವರೂ ಊರಿನ ಸಭೆಗಳ ಕಾಣಿಕೆಯಲ್ಲೇ ಬದುಕುವವರು, ನಿಮ್ಮ ಕಷ್ಟ ಅವರಿಗೆ ಹೊಸದಲ್ಲ.

ಹಾಗೇ ನಿಮ್ಮ ಸಭಾಪಾಲಕರಿಗೂ ಫೋನ್ ಮಾಡಿ ಇದೇ ಲೆಕ್ಕ ಹೇಳಿ. ಹಣ ಕಳಿಸುವವರು ಯಾರೇ ಆಗಲಿ, ಪ್ಯಾನ್ ಕಾರ್ಡ್ ತಗೊಂಡು ಬ್ಯಾಂಕಿಗೆ ಹೋಗಿ ವಿದೇಶಕ್ಕೆ ಹಣ ಕಳಿಸುವ ಎ2 ಫಾರ್ಮ್ ತುಂಬಬೇಕು. ಶಾಲೆಯ ಖಾತೆಯ ವಿವರ, ಆ ಬ್ಯಾಂಕನ್ನು ಗುರುತಿಸುವ ಸ್ವಿಫ್ಟ್ ಕೋಡ್ ನೀವು ಮೊದಲೇ ಕಳಿಸಿರಿ. ಸಣ್ಣ ಊರಿನ ಶಾಖೆಯಲ್ಲಿ ಈ ಕೆಲಸ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಹಾಗಾಗಿ ಹಣ ಕೈಗೆ ಬರುವ ಮೊದಲೇ ಒಮ್ಮೆ ಹೋಗಿ ವಿಚಾರಿಸಲಿ.