ಜೀಪಿನ ಆಕ್ಸಲ್ ಕೊಳ್ಳುವ ಮುಂಚೆ ಕ್ರೌನ್ ಹಲ್ಲು ಎಣಿಸಿ

ಪ್ರಶ್ನೆ: ತೋಟದ ಕೆಲಸಕ್ಕೆ ಹಳೇ ಸಿಜೆ-3ಬಿ ಜೀಪ್ ಇಟ್ಟುಕೊಂಡಿದ್ದೇನೆ. ಹಿಂದಿನ ಡಿಫರೆನ್ಷಿಯಲ್‌ನಲ್ಲಿ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಜೋಡಣೆ) ಕ್ರೌನ್ ಅನ್ನುವ ದೊಡ್ಡ ಗೇರ್‌ನ ಹಲ್ಲು ಮುರಿದಿದೆ. ಗುಜರಿಯಲ್ಲಿ ಪೂರ್ತಿ ಆಕ್ಸಲ್ ಒಂದು ಸಿಕ್ಕಿದೆ, ನೋಡಲು ನನ್ನದರ ಹಾಗೇ ಇದೆ. ಅಂಗಡಿಯವರು "ಜೀಪಿಗೆಲ್ಲ ಒಂದೇ ಸಾರ್, ಕೂರುತ್ತೆ" ಅಂತಾರೆ. ಒಂದು ಚಕ್ರ ಹಿಡಿಸಿ ಇನ್ನೊಂದನ್ನು ಒಂದು ಸುತ್ತು ತಿರುಗಿಸಿ ನೋಡಿದೆ, ಪಿನಿಯನ್ (ಕ್ರೌನನ್ನು ತಿರುಗಿಸುವ ಸಣ್ಣ ಗೇರ್) ಸುಮಾರು ಎರಡೂವರೆ ಸುತ್ತು ತಿರುಗಿತು. ಹಾಗಾದರೆ ರೇಶಿಯೋ 2.5 ಅಂತಲಾ?

ಉತ್ತರ: ಕೂರುತ್ತೆ ಅನ್ನುವುದು ಸುಳ್ಳಲ್ಲ. ಬೋಲ್ಟ್ ಬಿಗಿದರೆ ಗಾಡಿ ಓಡುತ್ತದೆ ಕೂಡ, ನೀವು ಫೋರ್ ವೀಲ್ ಹಾಕುವ ದಿನದ ತನಕ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಎರಡೂವರೆ. ಅದು ರೇಶಿಯೋ ಅಲ್ಲ, ಅದರ ಅರ್ಧ. ರೇಶಿಯೋ ಅಂದರೆ ಕ್ರೌನ್ ಒಂದು ಸುತ್ತು ಬರಲು ಪಿನಿಯನ್ ಎಷ್ಟು ಸುತ್ತು ತಿರುಗಬೇಕು ಅನ್ನುವುದು. ಒಂದು ಚಕ್ರ ಅಲ್ಲಾಡದಂತೆ ಹಿಡಿದು ಇನ್ನೊಂದನ್ನು ಒಂದು ಸುತ್ತು ತಿರುಗಿಸಿದರೆ ಕ್ರೌನ್ ಅರ್ಧ ಸುತ್ತು ಮಾತ್ರ ತಿರುಗುತ್ತದೆ, ಉಳಿದದ್ದನ್ನು ಒಳಗಿನ ಸಣ್ಣ ಗೇರ್‌ಗಳು ನುಂಗಿಬಿಡುತ್ತವೆ. ಹಾಗಾಗಿ ಬಂದ ಲೆಕ್ಕವನ್ನು ಎರಡರಿಂದ ಗುಣಿಸಬೇಕು. ಗುಣಿಸಿದರೂ ನಿಮಗೆ ಉತ್ತರ ಸಿಗಲ್ಲ ನೋಡಿ. ಹಳೇ ಜೀಪುಗಳಲ್ಲಿ ಜಾಸ್ತಿ ಎದುರಾಗುವುದು 4.88 ಮತ್ತು 5.38. ಯುದ್ಧಕಾಲದ ವಿಲ್ಲೀಸ್ ಎಂಬಿಗೆ 4.88 ಇತ್ತು, ಸಿಜೆ-3ಬಿಗೆ 5.38 ಬಂತು. ನೀವು ಮಾಡಿದ ಹಾಗೆ ಒಂದು ಸುತ್ತಿಗೆ ಮೊದಲನೆಯದರಲ್ಲಿ ಪಿನಿಯನ್ 2.44 ಸುತ್ತು ಬರಬೇಕು, ಎರಡನೆಯದರಲ್ಲಿ 2.69. ವ್ಯತ್ಯಾಸ ಕಾಲು ಸುತ್ತು. ಹಳೇ ಆಕ್ಸಲ್‌ನಲ್ಲಿ ಹಲ್ಲಿನ ಆಟ, ಸ್ಪ್ಲೈನಿನ ಆಟ ಎಲ್ಲ ಸೇರಿ ಕಣ್ಣಂದಾಜಿಗೆ ಅಷ್ಟು ಹೇಗೂ ತಪ್ಪುತ್ತದೆ.

ಅದಕ್ಕೇ ಒಂದಲ್ಲ, ಇಪ್ಪತ್ತು ಸುತ್ತು ತಿರುಗಿಸಿ. ಒಂದು ಕಡೆಯ ಹಬ್ ಕದಲದಂತೆ ಕಟ್ಟಿಹಾಕಿ (ಗುಜರಿ ಮಾಲು ಅಲ್ವಾ, ಒಂದು ಕಡೆ ಡ್ರಮ್ ಜಾಮ್ ಆಗಿದ್ದರೆ ಕೆಲಸ ಇನ್ನೂ ಸಲೀಸು). ಪಿನಿಯನ್ ಫ್ಲ್ಯಾಂಜ್ (ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಆಗುವ ಜಾಗ) ಮೇಲೆ ಚಾಕ್‌ಪೀಸ್‌ನಲ್ಲಿ ಗೆರೆ ಎಳೆಯಿರಿ. ಒಬ್ಬರು ಹಬ್ ಎಣಿಸಲಿ, ಇನ್ನೊಬ್ಬರು ಗೆರೆ ಎಣಿಸಲಿ. 4.88 ಆಗಿದ್ದರೆ ಗೆರೆ ನಲವತ್ತೆಂಟೂ ಮುಕ್ಕಾಲು ಸಲ ಸುತ್ತುತ್ತದೆ, 5.38 ಆಗಿದ್ದರೆ ಐವತ್ತಮೂರೂ ಮುಕ್ಕಾಲು. ಐದು ಸುತ್ತಿನ ಅಂತರ, ಇದರಲ್ಲಿ ಗೊಂದಲ ಆಗಲ್ಲ. ಕಟ್ಟಿದ ಕಡೆ ಮಧ್ಯದಲ್ಲಿ ಜಾರಿದರೆ ಮಾತ್ರ ಮೊದಲಿಂದ ಎಣಿಸಿ.

ಇಷ್ಟಾದ ಮೇಲೂ ದುಡ್ಡು ಕೊಡುವ ಮುಂಚೆ ಕವರ್ ಬಿಚ್ಚಿಸಿ. ಹತ್ತು ಬೋಲ್ಟ್, ಅಷ್ಟೆ. ಬಿಚ್ಚಲು ಬಿಡದ ಅಂಗಡಿಯಲ್ಲಿ ನಾನಂತೂ ವ್ಯಾಪಾರ ಮಾಡಲ್ಲ. ಕವರ್ ಬೋಲ್ಟಿನ ಕೆಳಗೆ ಸಣ್ಣ ತಗಡಿನ ಟ್ಯಾಗ್ ಇದ್ದರೂ ಅದನ್ನು ನಂಬಿ ಕೂರಬೇಡಿ, ಎಷ್ಟೋ ಕೈ ದಾಟಿ ಬಂದ ಆಕ್ಸಲ್‌ನಲ್ಲಿ ಟ್ಯಾಗ್ ಒಂದರದ್ದು, ಗೇರ್ ಇನ್ನೊಂದರದ್ದು ಇರುವುದುಂಟು. ಕ್ರೌನ್ ಅಂಚನ್ನು ಡೀಸೆಲ್ ಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಸಲ ಕೊರೆದ ಅಂಕಿ ಕಾಣುತ್ತದೆ, 43 ಮತ್ತು 8 ಅಂತಲೋ, 39 ಮತ್ತು 8 ಅಂತಲೋ. ಕಾಣದಿದ್ದರೆ ಒಂದು ಹಲ್ಲಿಗೆ ಬಣ್ಣ ಹಚ್ಚಿ ನಿಧಾನಕ್ಕೆ ತಿರುಗಿಸುತ್ತಾ ಎಣಿಸಿ. 43ನ್ನು 8ರಿಂದ ಭಾಗಿಸಿದರೆ 5.375, 39ನ್ನು ಭಾಗಿಸಿದರೆ 4.875. ಎರಡರಲ್ಲೂ ಪಿನಿಯನ್‌ಗೆ ಇರುವುದು ಎಂಟೇ ಹಲ್ಲು, ಗಮನಿಸಿ! ಪಿನಿಯನ್ ಮಾತ್ರ ನೋಡಿ "ಎಂಟಿದೆ, ನಿಮ್ಮದೇ" ಅಂದರೆ ಒಪ್ಪಿಕೊಳ್ಳಬೇಡಿ. ಎಣಿಸಬೇಕಾದದ್ದು ಕ್ರೌನ್ ಹಲ್ಲು.

ಹೇಗೂ ಬಿಚ್ಚಿರುತ್ತೀರಿ, ಹಲ್ಲಿನ ಮುಖದಲ್ಲಿ ಗುಳಿ ಬಿದ್ದಿದೆಯಾ, ಕಾದು ನೀಲಿಗಟ್ಟಿದೆಯಾ, ಆಯಿಲ್‌ನಲ್ಲಿ ಲೋಹದ ಪುಡಿ ಇದೆಯಾ ನೋಡಿಬಿಡಿ. ಕ್ರೌನ್ ಒಂದು ಕಡೆಯಿಂದ, ಪಿನಿಯನ್ ಇನ್ನೊಂದು ಕಡೆಯಿಂದ ಮಾತ್ರ ತರಬೇಡಿ. ಅವೆರಡನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ, ಜೋಡಿ ತಪ್ಪಿದರೆ ಊಳಿಡುವ ಸದ್ದು ಬರುತ್ತದೆ, ಬಾಳಿಕೆಯೂ ಇರಲ್ಲ. ಇನ್ನೊಂದು ಮಾತು: ನಿಮ್ಮ ಹಿಂದಿನ ಆಕ್ಸಲ್ ಡಾನಾ 44 ಅನ್ನುವ ಮಾದರಿಯದು. ಇದರಲ್ಲಿ 3.73 ಮತ್ತು ಅದಕ್ಕಿಂತ ಕಮ್ಮಿ ರೇಶಿಯೋಗೆ ಒಂದು ಕೇಸ್ (ಕ್ರೌನ್ ಬಿಗಿಯುವ ಒಳಗಿನ ಭಾಗ), 3.92 ಮತ್ತು ಅದರ ಮೇಲಿನದಕ್ಕೆ ಬೇರೆ ಕೇಸ್. ಅಗ್ಗಕ್ಕೆ ಸಿಕ್ಕಿತು ಅಂತ 3.73 ಜೋಡಿ ತಂದರೆ ನಿಮ್ಮ ಕೇಸಿನಲ್ಲಿ ಹಲ್ಲಿಗೆ ಹಲ್ಲು ಸೇರಲ್ಲ.

ಈಗ ಫೋರ್ ವೀಲ್ ವಿಷಯ. ನಿಮ್ಮ ಜೀಪಿನಲ್ಲಿ ಮುಂದೆ-ಹಿಂದೆ ಮಧ್ಯೆ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಎರಡೂ ಪ್ರೊಪೆಲ್ಲರ್ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲೇಬೇಕು. ಮುಂದೆ 5.38, ಹಿಂದೆ 4.88 ಆದರೆ ಹಿಂದಿನ ಚಕ್ರ ನೂರಕ್ಕೆ ಹತ್ತರಷ್ಟು ಜಾಸ್ತಿ ಓಡಲು ನೋಡುತ್ತದೆ. ಕೆಸರಲ್ಲಿ ಟೈರ್ ಜಾರಿ ಗೊತ್ತಾಗದೇ ಹೋಗಬಹುದು. ಗಟ್ಟಿ ರಸ್ತೆಯಲ್ಲಿ ಶಾಫ್ಟ್‌ಗಳು ಬಿಗಿದುಕೊಂಡು ಫೋರ್ ವೀಲ್ ಲಿವರ್ ವಾಪಸ್ ಬರಲ್ಲ, ಆಮೇಲೆ ಮುರಿಯುವುದು ಜಾಯಿಂಟ್ ಕ್ರಾಸೋ, ಶಕ್ತಿಯನ್ನು ಮುಂದೆ-ಹಿಂದೆ ಹಂಚುವ ಟ್ರಾನ್ಸ್‌ಫರ್ ಕೇಸೋ. ಹಾಗಾಗಿ ಗುಜರಿಗೆ ಹೋಗುವ ಮುಂಚೆ ನಿಮ್ಮ ಮುಂದಿನ ಆಕ್ಸಲ್‌ನ ಹಲ್ಲನ್ನೂ ಎಣಿಸಿ. 5.38 ಬಂದ ಗಾಡಿ ನಿಜ, ಆದರೆ ಇಷ್ಟು ವರ್ಷದಲ್ಲಿ ಯಾರು ಏನು ಬದಲಾಯಿಸಿದ್ದಾರೋ ಹೇಳಲಾಗದು.

ಎರಡೂ ಕಡೆ 4.88 ಹಾಕಿಬಿಡಲೇ ಅಂತ ಕೇಳಬಹುದು. 6.00-16 ಟೈರ್‌ನಲ್ಲಿ, ಟಾಪ್ ಗೇರಲ್ಲಿ 60 ಕಿ.ಮೀ. ವೇಗಕ್ಕೆ ಇಂಜಿನ್ 5.38ರಲ್ಲಿ ನಿಮಿಷಕ್ಕೆ ಹೆಚ್ಚುಕಮ್ಮಿ 2,440 ಸುತ್ತು ತಿರುಗಿದರೆ 4.88ರಲ್ಲಿ 2,220. ರಸ್ತೆಗೆ ಆರಾಮ, ಆದರೆ ಗೊಬ್ಬರ ಹೇರಿಕೊಂಡು ತೋಟದ ಏರು ಹತ್ತುವಾಗ ಎಳೆತ ಕಮ್ಮಿ. ನಾನಾದರೆ 5.38 ಬಿಡಲ್ಲ. ಬದಲಾಯಿಸಿದರೆ ಸ್ಪೀಡೋಮೀಟರ್ ಕೂಡ ಕಮ್ಮಿ ತೋರಿಸುತ್ತದೆ, 50ರಲ್ಲಿ ಹೋಗುತ್ತಿದ್ದರೆ 45 ಅನ್ನುತ್ತದೆ.

ಪ್ರಶ್ನೆ: ಹಳೇ ಅಂಬಾಸಿಡರ್ ಆಕ್ಸಲ್‌ಗೂ ಇದೇ ಉಪಾಯ ನಡೆಯುತ್ತಾ? ಹಿಂದೆ ಬಿಚ್ಚುವ ಕವರೇ ಕಾಣುತ್ತಿಲ್ಲ.

ಉತ್ತರ: ಇಪ್ಪತ್ತು ಸುತ್ತಿನ ಲೆಕ್ಕ ನಡೆಯುತ್ತದೆ. ಕವರ್ ಹುಡುಕಬೇಡಿ, ಅದರ ಹಿಂಭಾಗ ಬಿಚ್ಚಲು ಬರಲ್ಲ, ಎರಡೂ ಕಡೆ ಶಾಫ್ಟ್ ಎಳೆದು ಡಿಫರೆನ್ಷಿಯಲ್ಲನ್ನು ಮುಂದಿನಿಂದ ಹೊರತೆಗೆಯಬೇಕು. ಆ ಕಾಲದ ಬಿಎಂಸಿ (ಅಂಬಾಸಿಡರ್‌ನ ಮೂಲ ವಿನ್ಯಾಸ ಮಾಡಿದ ಬ್ರಿಟಿಷ್ ಕಂಪನಿ) ಆಕ್ಸಲ್‌ಗಳಲ್ಲಿ 39ಕ್ಕೆ 8, 41ಕ್ಕೆ 9, 43ಕ್ಕೆ 10 ಹೀಗೆ ಹಲ್ಲಿನ ಜೋಡಿಗಳಿದ್ದವು. ಒಂದು ಹಬ್ ಕಟ್ಟಿ ಇನ್ನೊಂದನ್ನು ಇಪ್ಪತ್ತು ಸುತ್ತು ತಿರುಗಿಸಿದಾಗ ಗೆರೆ ನಲವತ್ತೆಂಟೂ ಮುಕ್ಕಾಲು ಬಂದರೆ ಮೊದಲನೆಯದು, ನಲವತ್ತೈದೂವರೆ ಬಂದರೆ ಎರಡನೆಯದು, ಸರಿಯಾಗಿ ನಲವತ್ತಮೂರು ಬಂದರೆ ಮೂರನೆಯದು. ಅಂಬಾಸಿಡರ್‌ಗೆ ಮುಂದಿನ ಆಕ್ಸಲ್ ಜೊತೆ ಹೊಂದಿಸುವ ತಾಪತ್ರಯ ಇಲ್ಲ, ಆದ್ದರಿಂದ ಹತ್ತಿರದ ಬೇರೆ ರೇಶಿಯೋ ಸಿಕ್ಕರೂ ಹಾಕಬಹುದು.